ಅಪ್ಪನ ಚಾಕುಗಳಿಗೆ ಸಾಣೆ

ಅಪ್ಪ ತೀರಿಕೊಂಡ ವರ್ಷ ನಮ್ಮ ಮನೆಯಲ್ಲಿ ಹಬ್ಬ ಇರಲಿಲ್ಲ. ಐವತ್ತರ ದಶಕ ಮುಗಿಯುತ್ತ ಬಂದಿತ್ತು. ಸಾವಾದ ಮನೆಯಲ್ಲಿ ವರ್ಷ ತುಂಬುವ ತನಕ ಹಬ್ಬ ಮಾಡುವುದಿಲ್ಲ, ಅದು ನಮ್ಮ ಕಡೆಯ ಪದ್ಧತಿ. ಅದರ ಬಗ್ಗೆ ನನ್ನ ತಕರಾರಿಲ್ಲ. ಆ ಪದ್ಧತಿಯ ನೆಪದಲ್ಲಿ ನಡೆದದ್ದನ್ನು ಮಾತ್ರ ನಾನು ಇಂದಿಗೂ ಒಪ್ಪಿಲ್ಲ.

ಅಪ್ಪ ಶಿಕಾರಿಪುರದಲ್ಲಿ ಮೋಜಣಿ ಕೆಲಸದಲ್ಲಿದ್ದರು. ಹೊಲ ಅಳೆಯಲು ಸರಪಳಿ ಹೊರಿಸಿಕೊಂಡು ಉಡುತಡಿ, ತೊಗರ್ಸಿ, ಕೆಲವೊಮ್ಮೆ ಕ್ಯಾಸನೂರಿನ ಕಾಡಂಚಿನ ತನಕ ತಿರುಗುವವರು. ಹೋದಲ್ಲೆಲ್ಲ ಇಂಗ್ಲೆಂಡಿನ ಹಳೆಯ ಜೇಬಿನ ಚಾಕು, ಮಡಚುವಂಥದ್ದು, ಯಾರ ಹತ್ತಿರವಾದರೂ ಇದೆಯೇ ಎಂದು ವಿಚಾರಿಸುತ್ತಿದ್ದರು. ದೊರೆಗಳು ಊರು ಬಿಡುವಾಗ ಬಟ್ಲರನಿಗೋ ಫಾರೆಸ್ಟ್ ಗಾರ್ಡಿಗೋ ಕೊಟ್ಟು ಹೋದದ್ದು, ಬಂಗಲೆಯ ಹರಾಜಿನಲ್ಲಿ ಯಾರಿಗೂ ಬೇಡವಾಗಿ ಉಳಿದದ್ದು, ಹೀಗೆ ಹನ್ನೊಂದು ಸೇರಿದ್ದವು. ಒಂದಕ್ಕೆ ಜಿಂಕೆಯ ಕೊಂಬಿನ ಹಿಡಿ, ಇನ್ನೊಂದಕ್ಕೆ ಎಮ್ಮೆಕೊಂಬಿನದು, ಕೆಲವಕ್ಕೆ ಎಲುಬು, ಒಂದು ಪುಟ್ಟದಕ್ಕೆ ಮುತ್ತಿನ ಚಿಪ್ಪು.

ಭಾನುವಾರ ಬೆಳಿಗ್ಗೆ ಅವನ್ನು ಚಾಪೆಯ ಮೇಲೆ ಹರಡಿ ನನ್ನನ್ನು ಕರೆಯುತ್ತಿದ್ದರು. ಅಲಗು ಹಿಡಿಗೆ ಸೇರುವ ಬುಡದಲ್ಲಿ ಸಾಸಿವೆಕಾಳಿನಷ್ಟು ಸಣ್ಣ ಅಕ್ಷರಗಳ ಅಚ್ಚು ಇರುತ್ತಿತ್ತು: ಮಾಡಿದವರ ಗುರುತು, ಕೆಳಗೆ ಶೆಫೀಲ್ಡ್ ಎಂಬ ಊರಿನ ಹೆಸರು. ಕೆಲವಕ್ಕೆ ಕಿರೀಟ, ಅದರ ಆಚೀಚೆ ಆಗ ಅಲ್ಲಿ ಆಳುತ್ತಿದ್ದವರ ಗುರುತಿನ ಒಂದೊಂದು ಅಕ್ಷರ. ಅದನ್ನು ನೋಡಿ ಇದು ರಾಣಿಯ ಕಾಲದ್ದು, ಇದು ಅವಳ ಮೊಮ್ಮಗನ ಕಾಲದ್ದು ಎಂದು ಅಪ್ಪ ಹೇಳುತ್ತಿದ್ದರು. ನಾನು ಓದಿದ್ದು ಮಿಡ್ಲ್ ಸ್ಕೂಲಿನ ತನಕ. ಇಂಗ್ಲಿಷ್ ಅಕ್ಷರ ಕೂಡಿಸಿ ಓದಲು ಕಲಿತದ್ದು ಆ ಚಾಕುಗಳಿಂದಲೇ.

ಅಲಗುಗಳು ಕಪ್ಪಗಿದ್ದವು. "ತುಕ್ಕು ಬ್ಯಾರೆ, ಈ ಕಪ್ಪು ಬ್ಯಾರೆ. ಇದು ಎಷ್ಟೋ ಮಂದಿ ಕೈಯಾಡಿ ಬಂದ ಬಣ್ಣ. ಉಜ್ಜಿದ್ರೆ ಹೋತು, ತಿರುಗಿ ಬರಂಗಿಲ್ಲ," ಎನ್ನುತ್ತಿದ್ದರು. ಮನೆಗೆ ಬಂದವರಿಗೆಲ್ಲ ಇದನ್ನು ಹೇಳುತ್ತಿದ್ದರು. ಸೊರಬದಲ್ಲಿದ್ದ ತಮ್ಮನಿಗೂ, ಅಂದರೆ ನನ್ನ ಚಿಕ್ಕಪ್ಪನಿಗೂ, ಹೇಳಿದ್ದರು.

ಮಹಾನವಮಿಗೆ ವಾರವಿರುವಾಗ ಚಿಕ್ಕಪ್ಪ ಬಂದರು. ನಾನು ಬಟ್ಟೆ ಒಗೆಯಲು ಕೆರೆಗೆ ಹೋಗಿದ್ದೆ. ಸಾವಿನ ಮನೆಯಲ್ಲಿ ಹಬ್ಬ ಇಲ್ಲದಿದ್ದರೂ ಆಯುಧಗಳಿಗೆ ಪೂಜೆ ತಪ್ಪಬಾರದು, ತಮ್ಮ ಮನೆಯಲ್ಲಿಟ್ಟು ಮಾಡಿಕೊಡುತ್ತೇನೆ ಎಂದು ಅಮ್ಮನಿಗೆ ಹೇಳಿ ಕುಡುಗೋಲು, ಕೊಡಲಿಯ ಜೊತೆ ಚಾಕುಗಳ ಗಂಟನ್ನೂ ಒಯ್ದರು. ಅಮ್ಮ ತಾನೇ ಗಂಟು ಕಟ್ಟಿ ಕೊಟ್ಟಿದ್ದಳು.

ಹಬ್ಬ ಕಳೆದ ಮೇಲೆ ಅವನ್ನು ತರಲು ನಾನೇ ಬಸ್ಸಿನಲ್ಲಿ ಸೊರಬಕ್ಕೆ ಹೋದೆ. ಚಿಕ್ಕಪ್ಪ ಜಗುಲಿಯ ಮೇಲೆ ಬಾಳೆಎಲೆ ಹಾಸಿ ಚಾಕುಗಳನ್ನು ಸಾಲಾಗಿ ಇಟ್ಟಿದ್ದರು. ಅಂಗಳದಿಂದಲೇ ಹೊಳೆಯುವುದು ಕಾಣುತ್ತಿತ್ತು.

"ನೋಡು ಮಾರಾಯ್ತಿ, ನಿಮ್ಮಪ್ಪನ ಕೈಲಿದ್ದಾಗ ಇದ್ರಲ್ಲಿ ಸೌತೆಕಾಯಿನೂ ಹೆಚ್ಚಕ್ಕೆ ಬರ್ತಿರ್ಲಿಲ್ಲ. ಈಗ ಗಡ್ಡ ಬೋಳಿಸ್ಬಹುದು. ಸಂತೆಗೆ ಬಂದಿದ್ದ ಸಾಣೆಯವನ ಹತ್ರ ಹಿಡಿಸ್ದೆ."

ಸಾಣೆಯವನು ಅಲಗುಗಳನ್ನು ಬುಡದ ತನಕ ಚಕ್ರಕ್ಕೆ ಒತ್ತಿದ್ದ. ಆಮೇಲೆ ಚಿಕ್ಕಮ್ಮ ಹುಣಸೆಹಣ್ಣು, ಇಟ್ಟಿಗೆಪುಡಿ ಹಾಕಿ ಹಿಡಿಯ ಸಮೇತ ತಿಕ್ಕಿ ತೊಳೆದಿದ್ದರು. ಒಂದೊಂದನ್ನೇ ತೆರೆದು ನೋಡಿದೆ. ಅಕ್ಷರ ಇಲ್ಲ, ಕಿರೀಟ ಇಲ್ಲ. ಎಲುಬಿನ ಹಿಡಿಯೊಂದು ಸೀಳಿತ್ತು. ಕೀಲಿನ ಸಂದಿಯಲ್ಲಿ ಕುಂಕುಮ ಕೆಸರಾಗಿ ಕೂತಿತ್ತು. ಮೊದಲ ಚಾಕು ಹೀಗಾಗಿದೆ, ಎರಡನೆಯದಾದರೂ ಉಳಿದಿರಬಹುದು ಎಂದುಕೊಳ್ಳುತ್ತ ಹತ್ತನ್ನೂ ನೋಡಿ ಮುಗಿಸಿದೆ.

"ಅಪ್ಪ ಹೋದಾಗ ಇಷ್ಟು ಅಳ್ಲಿಲ್ಲ ಇವ್ಳು, ಚಾಕಿಗೆ ಅಳ್ತಾ ಕೂತಿದ್ದಾಳೆ ನೋಡ್ರೀ," ಎಂದು ಚಿಕ್ಕಮ್ಮ ಪಕ್ಕದ ಮನೆಯವರಿಗೆ ಹೇಳಿದರು.

ಮಾತು ನಿಜವೇ. ಅಪ್ಪ ಹೋದಾಗ ಯಾರ ಮೇಲೆ ಸಿಟ್ಟಾಗಬೇಕೆಂದು ತಿಳಿಯದೆ ಸುಮ್ಮನಿದ್ದೆ. ಅಂದು ತಿಳಿಯಿತು, ಆದರೆ ಬಾಯಿ ಬಿಡುವಂತಿರಲಿಲ್ಲ. ಕದ್ದವರಾದರೆ ಬೈಯಬಹುದು. ಹೂವಿಟ್ಟು ಕಾಯಿ ಒಡೆದು ಹಾಳು ಮಾಡಿದವರನ್ನು ಏನೆಂದು ಬೈಯುವುದು? ಅವರು ಬಡಿಸಿದ ಊಟ ಉಂಡು, ಉಪಕಾರವಾಯಿತು ಎಂದು ಹೇಳಿ ಬರಬೇಕಿತ್ತು.

"ಉಜ್ಜಬಾರ್ದು ಅಂತ ಅಪ್ಪ ನಿಮಗೆ ಹೇಳಿರ್ಲಿಲ್ವಾ ಚಿಕ್ಕಪ್ಪ?"

"ಹೇಳ್ತಿದ್ದ. ಕಪ್ಪು ಹಿಡಿದಿದ್ದನ್ನ ಹಂಗೇ ದೇವ್ರ ಮುಂದೆ ಇಡಕ್ಕಾಗುತ್ತೇನೆ?"

ಹನ್ನೊಂದನೆಯದು ಎಲೆಯ ಮೇಲಿರಲಿಲ್ಲ. ಕೇಳಿದಾಗ ಚಿಕ್ಕಪ್ಪ ಸಂಕೋಚದಿಂದ ಒಳಗಿನಿಂದ ತಂದರು. ಎಮ್ಮೆಕೊಂಬಿನ ಹಿಡಿಯದು. ಅಪ್ಪ ಹೋದ ಮೇಲೆ ಎಣ್ಣೆ ಕಾಣದೆ ಕೀಲು ಬಿಗಿದು ಕೂತು ಸಾಣೆಯವನಿಗೂ ತೆರೆಯಲು ಬಂದಿರಲಿಲ್ಲ.

"ಇದೊಂದು ಮೊಂಡು. ಇಲ್ಲೇ ಇರ್ಲಿ, ಕಮ್ಮಾರನ ಹತ್ರ ಬಿಚ್ಚಿಸಿ, ಸಾಣೆ ಹಿಡಿಸಿ ಕಳಿಸ್ತೀನಿ."

"ಬ್ಯಾಡ. ಕೊಡ್ರಿ."

"ನಮ್ಮಣ್ಣಂದು ಕಣೆ ಅದು. ನಂಗೇನು ಹಕ್ಕಿಲ್ವಾ?"

"ಆ ಹತ್ತೂ ನೀವೇ ಇಟ್ಕಳ್ರಿ. ಇದೊಂದು ನಂಗೆ ಕೊಡ್ರಿ."

ಚಿಕ್ಕಪ್ಪನ ಮುಖ ಸಣ್ಣದಾಯಿತು. ಅವರು ಅಣ್ಣನ ಮೇಲಿನ ಪ್ರೀತಿಯಿಂದಲೇ ಮಾಡಿದ್ದರು, ಅದು ನನಗೆ ಗೊತ್ತು. ಗೊತ್ತಿದ್ದೂ ನನ್ನ ಸಿಟ್ಟು ಇಳಿಯಲಿಲ್ಲ. ಆ ಮನೆಯಲ್ಲಿ ಉಣ್ಣದೆ ಎದ್ದು ಬಂದದ್ದು ಅದೊಂದೇ ಸಲ. ಬಸ್ಸಿನಲ್ಲಿ ಕುಡುಗೋಲು, ಕೊಡಲಿಯನ್ನು ಕಾಲ ಬಳಿ ಇಟ್ಟುಕೊಂಡು, ಶಿರಾಳಕೊಪ್ಪ ದಾಟುವ ತನಕ ಚಾಕನ್ನು ಮುಷ್ಟಿಯಲ್ಲೇ ಹಿಡಿದಿದ್ದೆ.

ಮನೆಯಲ್ಲಿ ಹೊಲಿಗೆ ಯಂತ್ರದ ಎಣ್ಣೆಯನ್ನು ಕೀಲಿಗೆ ಹನಿ ಹನಿಯಾಗಿ ಬಿಟ್ಟೆ. ಮೂರನೆಯ ದಿನ ಅಲಗು ಮೆಲ್ಲಗೆ ಮೇಲೆದ್ದಿತು. ಕಪ್ಪಗೇ ಇತ್ತು. ಬುಡದಲ್ಲಿ ಕಿರೀಟ, ರಾಣಿಯ ಕಾಲದ ಅಕ್ಷರ, ಊರಿನ ಹೆಸರು, ಎಲ್ಲ ಇದ್ದವು. ಪಕ್ಕದಲ್ಲಿ ಕೂತಿದ್ದ ಅಮ್ಮ ಎಣ್ಣೆ ಒರೆಸಲೆಂದು ಸೆರಗಿನ ತುದಿ ಹಿಡಿದು ಕೈ ಚಾಚಿದಳು.

"ಮುಟ್ಟಬ್ಯಾಡ," ಎಂದೆ. ಅಷ್ಟು ಒರಟಾಗಿ ಅವಳೊಡನೆ ನಾನು ಎಂದೂ ಮಾತಾಡಿರಲಿಲ್ಲ.