ಕೈ ಬಿಡುವ ಪಾಠ

ಗೊಬ್ಬೂರಿನ ಸುಂದರಬಾಯಿಯ ಜೋಳದ ರೊಟ್ಟಿಗೆ ಅಫಜಲಪುರದ ಖಾನಾವಳಿಯಲ್ಲಿ ಒಳ್ಳೆ ಹೆಸರು. ದಿನಾ ಬೆಳಗಿನ ಬಸ್ಸಿಗೆ ನೂರಿಪ್ಪತ್ತು ರೊಟ್ಟಿಯ ಬುಟ್ಟಿ ಏರಬೇಕು. ಇಪ್ಪತ್ತೆರಡು ವರ್ಷದಿಂದ ಏರುತ್ತಲೇ ಇದೆ. ಹೆಸರು ರೊಟ್ಟಿಗೆ ಬಂತು, ನೋವು ಬಡಿದವಳಿಗೆ ಬಂತು. ಲೋಕದ ನ್ಯಾಯವೇ ಹಾಗೆ. ಮೊದಲು ಕುತ್ತಿಗೆ ಹಿಡಿಯಿತು, ಆಮೇಲೆ ಬೆನ್ನು, ಕಡೆಗೆ ಬಲಗೈ. ಹೋದ ವರ್ಷ ಯುಗಾದಿಯ ಹೊತ್ತಿಗೆ ಆ ಕೈ ಭುಜದಿಂದ ಮೇಲಕ್ಕೆ ಏಳದಾಯಿತು. ರೊಟ್ಟಿ ಬಡಿಯಲು ಕೈ ಅಷ್ಟು ಮೇಲೆ ಹೋಗಬೇಕಿಲ್ಲವಲ್ಲ, ಹಲ್ಲು ಕಚ್ಚಿ ಹೇಗೋ ನಡೆಸಿದಳು. ನಿಂತುಹೋದದ್ದು ತಲೆ ಬಾಚಿಕೊಳ್ಳುವುದು.

ಎದುರುಮನೆಯ ಅಂಬುಬಾಯಿ ಎರಡು ದಿನ ಬಾಚಿಕೊಟ್ಟಳು. ಮೂರನೆಯ ದಿನಕ್ಕೆ ಸುಂದರಬಾಯಿಯ ತಲೆಯಲ್ಲಿ ಬಿಳಿಕೂದಲು ಎಷ್ಟು, ನೆತ್ತಿಯಲ್ಲಿ ಎಲ್ಲಿ ತೆಳ್ಳಗಾಗಿದೆ ಎಂಬುದೆಲ್ಲ ಇಡೀ ಓಣಿಗೆ ಗೊತ್ತಾಗಿತ್ತು. ಅಂದಿನಿಂದ ಗಂಡ ಶಾಂತಲಿಂಗಪ್ಪನೇ ಬಾಚಣಿಗೆ ಹಿಡಿದ.

ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ ಆತ ಬಾಗಿಲಿಗೆ ಅಗುಳಿ ಹಾಕುತ್ತಿದ್ದ. ಗಂಡಸು ಹೆಂಡತಿಯ ತಲೆ ಬಾಚುವುದನ್ನು ಯಾರಾದರೂ ಕಂಡರೆ ಊರೆಲ್ಲ ನಗೆಪಾಟಲು. ಆತನಿಗೆ ಬರುತ್ತಿದ್ದದ್ದು ಎತ್ತಿಗೆ ಹಗ್ಗ ಹೊಸೆಯುವ ವಿದ್ಯೆ ಒಂದೇ. ಕೂದಲನ್ನು ಮೂರು ಎಳೆ ಮಾಡಿ, ಹಗ್ಗದಂತೆಯೇ ಹೊಸೆದು, ಜಗ್ಗಿ ಗಂಟು ಹಾಕುತ್ತಿದ್ದ. ಕಣ್ಣಂಚು ಹಿಂದಕ್ಕೆ ಸರಿಯುವಷ್ಟು ಬಿಗಿ.

"ಏನ್ರಿ, ನನಗೇನು ಗೂಟಕ್ಕ ಕಟ್ಟಾವರಿದ್ದೀರೇನು?" ಎಂದು ಸುಂದರಬಾಯಿ ಬಯ್ಯುತ್ತಿದ್ದಳು.

"ಕಟ್ಟಿ ನಲವತ್ತು ವರ್ಷ ಆತು. ಈಗ ಕೇಳಾಕತ್ತೀಯಲ್ಲ ಬೇ" ಎಂದು ಆತ ನಗುತ್ತಿದ್ದ.

ಹೀಗೆ ಆಡಿದರೂ ಅವಳಿಗೆ ಒಳಗೊಳಗೇ ಅವಮಾನ. ಮದುವೆ, ಕುಬಸ ಎಂದು ಯಾರು ಕರೆದರೂ ಹೋಗುವುದನ್ನು ಬಿಟ್ಟಳು. ಹೋದರೂ ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಮೂಲೆ ಹಿಡಿಯುತ್ತಿದ್ದಳು. ಸಾಯುವುದರೊಳಗೆ ತನ್ನ ತುರುಬನ್ನು ತಾನೇ ಒಮ್ಮೆ ಕಟ್ಟಿಕೊಳ್ಳಬೇಕು ಎಂಬುದೊಂದೇ ಅವಳ ಆಸೆಯಾಗಿತ್ತು.

ಗುಳಿಗೆ ನುಂಗಿದ್ದಾಯಿತು, ಎಣ್ಣೆ ತಿಕ್ಕಿದ್ದಾಯಿತು. ಕಡೆಗೆ ಖಾನಾವಳಿಯಲ್ಲಿ ಬುಟ್ಟಿ ಇಳಿಸಿಕೊಳ್ಳುವ ಅಜೀಮ ಒಂದು ದಾರಿ ಹೇಳಿದ. ನೆಲೋಗಿಯ ಹುಡುಗಿ ಪಂಚಶೀಲಾ, ಕಲಬುರಗಿಯಲ್ಲಿ ಓದಿ ಬಂದು, ಅಫಜಲಪುರದ ಬಜಾರದ ಹಿಂದೆ ಒಂದು ಖೋಲಿ ಹಿಡಿದಿದ್ದಾಳೆ. ಗುಳಿಗೆ ಕೊಡುವುದಿಲ್ಲ, ಕೂರುವುದು, ನಿಲ್ಲುವುದು, ಏಳುವುದನ್ನು ಹೊಸದಾಗಿ ಕಲಿಸುತ್ತಾಳೆ. ತನ್ನ ಅಮ್ಮೀಗೆ ಅದರಿಂದ ಆರಾಮ ಆಗಿದೆ ಎಂದ.

"ಐವತ್ತೆಂಟು ವರ್ಷದಾಕಿಗಿ ಕುಂದ್ರೂದು ಕಲಸ್ತಾರಂತ! ನಾಳೆ ಉಸಿರಾಡೂದೂ ಕಲಸ್ತಾರ" ಎಂದ ಶಾಂತಲಿಂಗಪ್ಪ. ಅಂದವನೇ ಬುಧವಾರದ ಬಸ್ಸಿಗೆ ತಾನೇ ಕರೆದುಕೊಂಡು ಹೋದ.

ಪಂಚಶೀಲಾ ಮೊದಲ ದಿನ ಮಾಡಿಸಿದ್ದು ಬಹಳ ಸಣ್ಣ ಕೆಲಸ. ಚಾಪೆಯ ಮೇಲೆ ಅಂಗಾತ ಮಲಗಿಸಿ, ಮೊಣಕಾಲು ಮಡಚಿಸಿ, ತಲೆಯ ಕೆಳಗೆ ಎರಡು ದಪ್ಪ ಪುಸ್ತಕ ಇಟ್ಟಳು. "ಈಗ ಏನೂ ಮಾಡಬ್ಯಾಡ್ರಿ ಕಾಕಿ" ಎಂದಳು.

ಸುಂದರಬಾಯಿಗೆ ಅದಕ್ಕಿಂತ ಕಷ್ಟದ ಕೆಲಸವನ್ನು ಜನ್ಮದಲ್ಲಿ ಯಾರೂ ಹೇಳಿರಲಿಲ್ಲ. ಹಗಲು ಹೊತ್ತು ಮಲಗಿದವಳಲ್ಲ. ಬಾಣಂತನದಲ್ಲೂ ಕಾಳು ಆರಿಸಿದವಳು. ಮಲಗಿದಲ್ಲೇ ಕುತ್ತಿಗೆ ಸೆಟೆದುಕೊಂಡಿತು. ಪಂಚಶೀಲಾ ಅವಳ ಬಲಗೈಯನ್ನು ತನ್ನ ಎರಡೂ ಅಂಗೈ ಮೇಲೆ ಇಟ್ಟುಕೊಂಡು ಮೆಲ್ಲಗೆ ಎತ್ತಿದಳು.

"ಕೈ ಬಿಡ್ರಿ ಕಾಕಿ" ಎಂದಳು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, "ನೀವು ಕೈ ಬಿಡಬೇಕ್ರಿ. ಬಿಡದಿದ್ರ ಆರಾಮ ಆಗೂದಿಲ್ಲ" ಎಂದಳು.

ಸುಂದರಬಾಯಿ ಎದ್ದು ಕೂತಳು. ಮುಖ ಕೆಂಪಾಗಿತ್ತು. ಪಾಠ ಅರ್ಧಕ್ಕೇ ಬಿಟ್ಟು ಚಪ್ಪಲಿ ಮೆಟ್ಟಿಕೊಂಡು ಹೊರಟಳು. ಬಸ್ಸಿನಲ್ಲಿ ಗಂಡ ಏನಾಯಿತೆಂದು ಕೇಳಿದರೆ, "ರೊಟ್ಟಿ ಕೈ ಬಿಡು ಅಂತಾಳರಿ ಆ ಹುಡುಗಿ. ರೊಟ್ಟಿ ಬಿಟ್ಟು ನಾ ಏನು ಮಾಡ್ಲಿ? ನಾ ಅನ್ನಾಕಿ ಎಲ್ಲಿ ಉಳೀತೇನಿ?" ಎಂದು ಕಣ್ಣೀರು ಹಾಕಿದಳು. ಶಾಂತಲಿಂಗಪ್ಪ ಮರುದಿನವೇ ಅಜೀಮನ ಕೈಲಿ ಈ ಮಾತನ್ನು ಪಂಚಶೀಲಾಗೆ ಮುಟ್ಟಿಸಿದ.

ಶನಿವಾರದ ಪಾಠಕ್ಕೆ ಅವಳು ಹೋಗಲಿಲ್ಲ. ಭಾನುವಾರ ಬೆಳಿಗ್ಗೆ ಒಲೆ ಮುಂದೆ ಕೂತಿದ್ದಾಗ ಬಾಗಿಲಲ್ಲಿ ಸ್ಕೂಟಿ ನಿಂತ ಸದ್ದಾಯಿತು. ಬಂದವಳು ಪಂಚಶೀಲಾ. ಸುಂದರಬಾಯಿ ನೀರು ಕೊಟ್ಟು ಮತ್ತೆ ಒಲೆ ಮುಂದೆ ಕೂತಳು.

"ಕಾಕಿ, ಒಂದು ರೊಟ್ಟಿ ಬಡೀರಿ, ನೋಡ್ತೇನಿ" ಎಂದು ಹುಡುಗಿ ಪಕ್ಕದಲ್ಲೇ ನೆಲಕ್ಕೆ ಕೂತಳು.

ಸುಂದರಬಾಯಿ ಬಡಿದಳು. ಸಿಟ್ಟಿಗೆ ಎರಡೇಟು ಜಾಸ್ತಿಯೇ ಬಡಿದಳು.

"ರೊಟ್ಟಿ ಬಡಿಯಾಕ ಹಲ್ಲು ಯಾಕ ಬೇಕ್ರಿ?" ಎಂದು ಪಂಚಶೀಲಾ ಕೇಳಿದಳು. "ಹಲ್ಲು ಕಚ್ಚಾಕತ್ತೀರಿ. ಭುಜ ಕಿವಿಗಿ ಏರೇದ. ಉಸಿರು ಹಿಡಿದೀರಿ. ಬಡಿಯೂದು ಅಂಗೈ ಒಂದ, ಕೂಲಿ ಮಾಡೂದು ಮೈಯೆಲ್ಲ."

ಸುಂದರಬಾಯಿಯ ಕೈ ಹಿಟ್ಟಿನ ಮೇಲೆ ನಿಂತಿತು. ಹದಿನೆಂಟನೆಯ ವಯಸ್ಸಿಗೆ ಈ ಮನೆಗೆ ಬಂದಾಗ ಅತ್ತೆ ಹೇಳಿದ್ದು ನೆನಪಾಯಿತು: ಸೊಸೆ ಬಡಿಯುವ ಸದ್ದು ಕಟ್ಟೆಗೆ ಕೂತವರಿಗೆ ಕೇಳಬೇಕು. ಅತ್ತೆ ತೀರಿ ಹದಿನೈದು ವರ್ಷ ಆಗಿತ್ತು. ಸುಂದರಬಾಯಿ ಇನ್ನೂ ಆ ಸದ್ದು ಕೇಳಿಸುತ್ತಲೇ ಇದ್ದಳು.

"ಅವತ್ತು ಕೈ ಬಿಡ್ರಿ ಅಂದದ್ದು ರೊಟ್ಟಿ ಬಿಡ್ರಿ ಅಂತಲ್ಲ" ಎಂದಳು ಪಂಚಶೀಲಾ. "ನಿಮ್ಮ ಕೈ ನನ್ನ ಕೈಯಾಗಿತ್ತು. ಆದ್ರೂ ಅದನ್ನ ನೀವ ಎತ್ತಿ ಹಿಡಿದಿದ್ರಿ. ಭಾರ ನನ್ನ ಮ್ಯಾಲೆ ಹಾಕ್ರಿ, ಸಡ್ಲ ಬಿಡ್ರಿ ಅಂದೆ."

ಹಿಟ್ಟು ಮೆತ್ತಿದ ಆ ಬಲಗೈಯನ್ನು ಹುಡುಗಿ ಹಾಗೆಯೇ ತನ್ನ ಅಂಗೈಗೆ ತೆಗೆದುಕೊಂಡಳು. ಬಹಳ ಹೊತ್ತು ಹಿಡಿದು ಕೂತಳು. ಒಲೆಯ ಮೇಲೆ ಹಂಚು ಸುಮ್ಮನೆ ಕಾಯುತ್ತಿತ್ತು. ಒಮ್ಮೆಲೇ ಆ ಕೈ ಪೂರ್ತಿ ಭಾರವಾಗಿ ಹುಡುಗಿಯ ಅಂಗೈ ಮೇಲೆ ಬಿತ್ತು. ಸುಂದರಬಾಯಿಗೆ ದುಃಖ ಒತ್ತರಿಸಿ ಬಂತು. ತಾಯಿಮನೆ ಬಿಟ್ಟ ಮೇಲೆ ತನ್ನ ಭಾರವನ್ನು ಯಾರ ಮೇಲೂ ಹಾಕಿರಲಿಲ್ಲ ಎಂಬುದು ಅವಳಿಗೆ ಆ ಕ್ಷಣಕ್ಕೆ ತಿಳಿಯಿತು.

"ತಪ್ಪು ತಿಳದೆ ಯವ್ವಾ" ಎಂದಳು. ಹುಡುಗಿಗೆ ಬಿಸಿ ರೊಟ್ಟಿ, ಶೇಂಗಾ ಹಿಂಡಿ, ಮೊಸರು ಹಾಕಿ ತಿನ್ನಿಸಿಯೇ ಕಳಿಸಿದಳು.

ಆಮೇಲೆ ಬುಧವಾರ, ಶನಿವಾರ ತಪ್ಪಲಿಲ್ಲ. ರೊಟ್ಟಿ ಬಡಿಯುವ ಕಲ್ಲಿನ ಕೆಳಗೆ ಹಲಗೆ ಬಂತು, ಕೂರಲು ಮಣೆ ಬಂತು. ಇಪ್ಪತ್ತು ರೊಟ್ಟಿಗೊಮ್ಮೆ ಕೈ ಜೋತುಬಿಟ್ಟು ಸುಮ್ಮನೆ ಕೂರುವುದನ್ನು ಕಲಿತಳು. ಅದೇನು ಒಂದೇ ವಾರಕ್ಕೆ ಬರುವ ವಿದ್ಯೆಯಲ್ಲ; ಹಲ್ಲು ತಾನಾಗಿ ಕಚ್ಚುತ್ತಿತ್ತು, ಭುಜ ತಾನಾಗಿ ಏರುತ್ತಿತ್ತು. ನಾಗರಪಂಚಮಿ ಕಳೆದ ಮೇಲೆ ಒಂದು ಬೆಳಿಗ್ಗೆ ಪಕ್ಕದ ಮನೆಯ ಚಮನಬಿ ಗೋಡೆಯಾಚೆಯಿಂದ ಕೇಳಿದಳು: "ಅಕ್ಕಾ, ಇವತ್ತ ರೊಟ್ಟಿ ಬ್ಯಾರೇದವರು ಬಡಿಯಾಕತ್ತಾರೇನು? ಸಪ್ಪಳ ಮೆತ್ತಗ ಬರ್ತದ."

"ನಾನ ಬಡಿಯಾಕತ್ತೇನಿ" ಎಂದಳು ಸುಂದರಬಾಯಿ.

ತಲೆ ಬಾಚುವುದು ಮಾತ್ರ ಇನ್ನೂ ಶಾಂತಲಿಂಗಪ್ಪನ ಪಾಲಿಗೇ ಇತ್ತು. ಹೆಂಡತಿಯ ಹಿಂದೆ ಕೂತ ಆ ಹತ್ತು ನಿಮಿಷದಲ್ಲಿ ಆತ ಏನೇನೋ ಹೇಳುತ್ತಿದ್ದ. ಎಳೆತನದಲ್ಲಿ ಭೀಮಾ ಹೊಳೆಯಲ್ಲಿ ಮುಳುಗಿ ಬದುಕಿದ್ದು, ತೀರಿಹೋದ ತಮ್ಮ, ಮದುವೆಯ ದಿನ ಅವಳ ಮುಖ ನೋಡಲು ಹೆದರಿದ್ದು. ಮುಖ ಕಾಣದಿದ್ದರೆ ಮಾತು ಸಲೀಸು. ನಲವತ್ತು ವರ್ಷದಲ್ಲಿ ಕೇಳದ್ದನ್ನು ಅವಳು ಆ ಒಂದೂವರೆ ವರ್ಷದಲ್ಲಿ ಕೇಳಿದ್ದಳು.

ದೀಪಾವಳಿಯ ಮುಂಚಿನ ಒಂದು ಮುಂಜಾನೆ, ಮಿಂದು ಬಂದು ಕೂದಲು ಆರಿಸುತ್ತಿದ್ದಾಗ ಬಲಗೈ ಕಿವಿ ದಾಟಿತು. ಅವಳು ಉಸಿರು ಹಿಡಿಯಲಿಲ್ಲ, ಹಲ್ಲು ಕಚ್ಚಲಿಲ್ಲ. ಕೈ ನೆತ್ತಿ ಮುಟ್ಟಿತು. ಕೂದಲು ಸುತ್ತಿ ತುರುಬು ಕಟ್ಟಿಕೊಂಡಳು. ಕನ್ನಡಿ ನೋಡಿದಳು. ತನ್ನದೇ ಗಂಟು, ಸ್ವಲ್ಪ ಎಡಕ್ಕೆ ವಾಲಿದ್ದು. ಹಿಗ್ಗು ಮೈಯೆಲ್ಲ ತುಂಬಿತು.

ಶಾಂತಲಿಂಗಪ್ಪ ಪೂಜೆ ಮುಗಿಸಿ ಎಣ್ಣೆಯ ಬಟ್ಟಲು, ಬಾಚಣಿಗೆ ಹಿಡಿದು ಬಂದವನು ತುರುಬು ನೋಡಿ ನಿಂತ.

"ಚಲೋ ಆತಲ್ಲ" ಎಂದ. ಮುಖದಲ್ಲಿ ನಗು ಇತ್ತು, ಆದರೆ ಬಟ್ಟಲನ್ನು ಎಲ್ಲಿಡಬೇಕೆಂದು ತಿಳಿಯದೆ ನೋಡುತ್ತಿದ್ದ. ಆಮೇಲೆ ಮೆಲ್ಲಗೆ, "ಹಂಗಾರ ನಾ ಇನ್ನ ಕೈ ಬಿಡಬೇಕೇನು?" ಎಂದ.

ಸುಂದರಬಾಯಿ ಆತನನ್ನು ನೋಡಿದಳು. ಒಂದೂವರೆ ವರ್ಷ ಕಾದು ಕಟ್ಟಿಕೊಂಡ ತುರುಬಿಗೆ ಬಲಗೈ ಎತ್ತಿ, ಬಿಚ್ಚಿದಳು. ಆತನ ಮುಂದೆ ಮಣೆ ಎಳೆದುಕೊಂಡು ಕೂತಳು.

"ಕೈ ಬಿಡಬ್ಯಾಡ್ರಿ" ಎಂದಳು. "ಸಡ್ಲ ಕಟ್ಟೂದು ಕಲೀರಿ, ಸಾಕು."

ಆತ ಅಗುಳಿ ಹಾಕಲು ಹೊರಟ. "ಅದನ್ನ ಬಿಡ್ರಿ" ಎಂದಳು. ಬಾಗಿಲು ತೆರೆದೇ ಇತ್ತು. ಎದುರಿನ ಕಟ್ಟೆಯ ಮೇಲೆ ಅಂಬುಬಾಯಿ ಕಾಳು ಹಸನು ಮಾಡುತ್ತಿದ್ದಳು.

ಎಣ್ಣೆಯ ಕೈ ನೆತ್ತಿಗೆ ತಾಗಿದಾಗ ಸುಂದರಬಾಯಿ ಮೆಲ್ಲಗೆ ಹಿಂದಕ್ಕೆ ಒರಗಿದಳು. ಬೆನ್ನನ್ನು ಪೂರ್ತಿಯಾಗಿ ಆತನ ಮೊಣಕಾಲಿಗೆ ಬಿಟ್ಟಳು.

"ಭಾರ ಆತೇನ್ರಿ?"

"ಇಲ್ಲ. ಹಂಗ ಕುಂದ್ರು" ಎಂದ ಶಾಂತಲಿಂಗಪ್ಪ.