ಗುರುಲಿಂಗಪ್ಪ ಮಾಸ್ತರರ ಬೆಳ್ಳಿ ಕರಡಿಗೆ

ಚಿತ್ತಾಪುರದ ಬಾಜಾರಿನಲ್ಲಿ ಗುರುಲಿಂಗಪ್ಪ ಮಾಸ್ತರರು ಬರುವುದು ಕಂಡರೆ ಕಾಯಿಪಲ್ಲೆ ಮಾರುವ ಮುದುಕಿ ತಕ್ಕಡಿಯನ್ನು ಬುಟ್ಟಿಯ ಹಿಂದೆ ಸರಿಸುತ್ತಿದ್ದಳು. ಆಕೆ ಮೋಸಗಾರ್ತಿಯೇನಲ್ಲ, ಪಾಪ. ಈ ಮನುಷ್ಯ ನಿಂತರೆ ತಕ್ಕಡಿಯ ಹಗ್ಗ ನೋಡಬೇಕು, ಬರಿದಾದ ಪರಡಿ ತಟ್ಟೆಗಳನ್ನು ತೂಗಿಸಬೇಕು, ಕಲ್ಲನ್ನು ಆ ಕಡೆಯಿಂದ ಈ ಕಡೆಗೆ ಹಾಕಿಸಬೇಕು. ಇಷ್ಟೆಲ್ಲ ಆದ ಮೇಲೆ ಕೊಳ್ಳುವುದು ಏನಪ್ಪಾ ಅಂದರೆ ಒಂದು ಹಿಡಿ ಹಸಿಮೆಣಸಿನಕಾಯಿ! ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ನಾವು ನೀವೆಲ್ಲ ಬಾಯಿಗೆ ಬಂದಾಗ ಆಡಿ ಬಿಡುತ್ತೇವೆ. ಇವರು ಅದನ್ನು ದಿನಾ ಮಾಡುತ್ತಿದ್ದರು. ಅಂಥವರ ಜೊತೆ ಸಂಸಾರ ಮಾಡಿದ ರತ್ನಾಬಾಯಿಗೆ ಪುಣ್ಯ ಬರಲಿ.

ನಿಜಾಮರ ಕಾಲದ ಮಾತು ಇದು. ಊರಿನ ವಸ್ತಾನಿಯಾ ಶಾಲೆಯಲ್ಲಿ, ಅಂದರೆ ನಡುತರಗತಿಗಳ ಶಾಲೆಯಲ್ಲಿ, ಪಾಠವೆಲ್ಲ ಉರ್ದುವಿನಲ್ಲಿ. ಮಾಸ್ತರರು ಪುಸ್ತಕದ ಒಂದು ಸಾಲನ್ನು ಉರ್ದುವಿನಲ್ಲಿ ಓದುವರು, ಹುಡುಗರ ಮೋರೆ ನೋಡುವರು, ಬಾಗಿಲತ್ತ ಒಮ್ಮೆ ಕಣ್ಣು ಹಾಯಿಸುವರು, ಆಮೇಲೆ ಅದನ್ನೇ ಕನ್ನಡದಲ್ಲಿ ಹೇಳುವರು. ಹೈದರಾಬಾದಿನಲ್ಲಿ ಇದ್ದು ಮಾಸ್ತರಿಕೆಯ ತರಬೇತಿ ಮುಗಿಸಿ ಬಂದವರು ಅವರು. ಚಿಕ್ಕಂದಿನಲ್ಲೇ ತಂದೆ ತೀರಿಕೊಂಡು, ತಾಯಿ ಸೂಗಮ್ಮ ಒಬ್ಬಳೇ ಬೆಳೆಸಿದ ಮಗ ಹೈದರಾಬಾದು ಕಂಡದ್ದು ಹೇಗೆ? ಆಡಕಿಯ ಸೋದರಮಾವ ಖರ್ಚು ಕೊಟ್ಟ ಅಂತ ಸೂಗಮ್ಮ ಹೇಳಿದ್ದಳು. ಅದಕ್ಕೇ ಪ್ರತಿ ಬನ್ನಿಹಬ್ಬಕ್ಕೆ ಮಾಸ್ತರರು ಮೊದಲು ಆಡಕಿಗೆ ಹೋಗಿ, ಬಂಗಾರವೆಂದು ಮಾವನ ಕೈಗೆ ಬನ್ನಿ ಎಲೆ ಕೊಟ್ಟು ಕಾಲಿಗೆ ಬೀಳುತ್ತಿದ್ದರು. ಮಾವ ಮೀಸೆ ತಿರುವಿ ಆಶೀರ್ವಾದ ಮಾಡುತ್ತಿದ್ದ.

ತರಬೇತಿ ಮುಗಿಸಿ ಬಂದ ದಿನ ಸೂಗಮ್ಮ ಟ್ರಂಕು ತೆಗೆದು, ತಂದೆಯ ಬೆಳ್ಳಿ ಕರಡಿಗೆಯನ್ನು ಮಗನ ಕೊರಳಿಗೆ ಹಾಕಿದ್ದಳು. ಅಲ್ಲಿಯವರೆಗೆ ಬಟ್ಟೆಯಲ್ಲಿ ಕಟ್ಟಿಕೊಳ್ಳುತ್ತಿದ್ದ ಇಷ್ಟಲಿಂಗಕ್ಕೆ ಅಂದಿನಿಂದ ಅದೇ ಮನೆ. ಅಪ್ಪನ ಮುಖ ಮಾಸ್ತರರಿಗೆ ನೆನಪಿರಲಿಲ್ಲ. ಅಪ್ಪ ಅಂದರೆ ಎದೆಯ ಮೇಲಿನ ಆ ಭಾರವೇ. ಸೋಮವಾರಕ್ಕೊಮ್ಮೆ ಅದನ್ನು ಒರೆಸುವವಳು ಸೂಗಮ್ಮ ಒಬ್ಬಳೇ, ಅದೂ ಹಳೆಯ ಮೆತ್ತನೆ ಬಟ್ಟೆಯಿಂದ. ರತ್ನಾಬಾಯಿ ಒಮ್ಮೆ ಹುಣಸೆಹಣ್ಣು ಹಚ್ಚಿ ತಿಕ್ಕಲು ಹೋಗಿ, “ಕೈ ಹಚ್ಚಬ್ಯಾಡ ಅಂದಿಲ್ಲೇನು?” ಎಂದು ಬೈಸಿಕೊಂಡಿದ್ದಳು. ಅತ್ತೆಯ ಸಿಟ್ಟಿಗೆ ಕಾರಣ ಹುಡುಕುತ್ತ ಕೂತರೆ ಸೊಸೆಯಾದವಳಿಗೆ ಬೇರೆ ಕೆಲಸ ಆದೀತೇ?

ಆ ವರ್ಷ ತೂಕ, ಗಾತ್ರ, ದಟ್ಟಣೆಯ ಪಾಠ ಬಂತು. ಅಳತೆಯ ಗಾಜಿನ ಪಾತ್ರೆ ಶಾಲೆಯಲ್ಲಿ ಇರಲಿಲ್ಲ. ಮಾಸ್ತರರು ಮನೆಯಿಂದ ಅಗಲ ಬಾಯಿಯ, ಕೊಕ್ಕಿರುವ ಗಿಂಡಿ ತಂದರು. ಅಂಗಡಿ ಖಂಡಪ್ಪನಿಂದ ಸಣ್ಣ ತಕ್ಕಡಿ, ತೊಲದ ಕಲ್ಲುಗಳನ್ನು ಕಡ ತಂದರು. ಗಿಂಡಿಗೆ ಕೊಕ್ಕಿನ ತನಕ ನೀರು ತುಂಬಿಸಿದರು. ತೊಟ್ಟಿಕ್ಕುವುದು ನಿಂತ ಮೇಲೆ ನೆಲಕ್ಕೆ ಹಾಸುವ ಶಹಾಬಾದಿನ ಪರಸಿ ಕಲ್ಲಿನ ತುಂಡಿಗೆ ದಾರ ಕಟ್ಟಿ ಒಳಗೆ ಇಳಿಬಿಟ್ಟರು. ಕೊಕ್ಕಿನಿಂದ ನೀರು ಬಟ್ಟಲಿಗೆ ಸುರಿಯಿತು.

“ಕಲ್ಲು ಎಷ್ಟು ಜಾಗಾ ಹಿಡೀತದೊ ಅಷ್ಟೇ ನೀರು ಎದ್ದು ಹೊರಗ ಬರ್ತದ,” ಅಂದರು ಮಾಸ್ತರರು. “ಈ ನೀರು ತೂಗ್ರಿ. ಕಲ್ಲಿನ ತೂಕಾ ಈ ನೀರಿನ ತೂಕದಿಂದ ಭಾಗಿಸ್ರಿ. ಬಂದದ್ದೇ ಕಲ್ಲಿನ ದಟ್ಟಣಿ. ಕಲ್ಲು ದೊಡ್ಡದಿರಲಿ, ಸಣ್ಣದಿರಲಿ, ಅದು ಬದಲಾಗಂಗಿಲ್ಲ.”

ಹುಡುಗರಿಗೆ ಹುಚ್ಚು ಹಿಡಿಯಿತು. ವಾಡಿ ಸ್ಟೇಷನ್ನಿನಲ್ಲಿ ಸಿಕ್ಕ ಕಬ್ಬಿಣದ ಬೋಲ್ಟು, ಎತ್ತಿನ ಕೊರಳ ಹಿತ್ತಾಳೆ ಗಂಟೆ, ಮನೆಯ ಬೆಲ್ಲ ಎಲ್ಲ ಬಂದವು. ಬೆಲ್ಲ ನೀರಲ್ಲೇ ಕರಗಿ, ಆ ಪಾಠ ಹುಡುಗರ ಹೊಟ್ಟೆಗೆ ಹೋಯಿತು. ಹಲಗೆಯ ಮೇಲೆ ಮಾಸ್ತರರು ಬರೆದರು: ಪರಸಿ ಕಲ್ಲು ಎರಡೂಮುಕ್ಕಾಲು, ಕಬ್ಬಿಣ ಎಂಟಕ್ಕೆ ತುಸು ಕಡಿಮೆ, ಹಿತ್ತಾಳೆ ಎಂಟೂವರೆ. ಪುಸ್ತಕದ ಲೆಕ್ಕಕ್ಕೆ ಇವು ಸರಿಹೋದವು.

ಆಗ ಟಾಂಗಾದವನ ಮಗ ಚಾಂದ್ ಎದ್ದು ನಿಂತ. “ಮಾಸ್ತರ್ರಿ, ಕಿತಾಬಿನಾಗ ಚಾಂದಿ ಹತ್ತೂವರಿ ಅಂತ ಬರದಾರ. ಅದು ವಿಲಾಯತಿ ಚಾಂದಿ ಇರಬೇಕ್ರಿ. ನಮ್ಮ ಕಡಿ ಬೆಳ್ಳಿನೂ ಅಷ್ಟೇ ಇರ್ತದೇನ್ರಿ?”

“ಬೆಳ್ಳಿಗಿ ಊರು ಕೇರಿ ಇರ್ತದೇನೊ ಮಬ್ಬ? ಎಲ್ಲಿದಾದ್ರೂ ಹತ್ತೂವರಿನೇ.”

“ತೂಗಲಾರದೆ ಹ್ಯಾಂಗ ಹೇಳ್ತೀರಿ?”

ತರಗತಿಯೆಲ್ಲ ಕಿಸಕ್ಕೆಂದಿತು. ತಾವೇ ಕಲಿಸಿದ ಮಾತು ತಮಗೇ ತಿರುಗಿ ಬಂದಿತ್ತು. ಮಾಸ್ತರರಿಗೆ ಖುಷಿಯೂ ಆಯಿತು, ಹಟವೂ ಬಂತು. ಜೇಬಿನಲ್ಲಿದ್ದ ಒಂದು ರೂಪಾಯಿಯನ್ನು ಗಿಂಡಿಗೆ ಇಳಿಸಿದರು. ಒಂದೆರಡು ಹನಿ ಜಾರಿದವು, ಅಷ್ಟೇ, ತೂಗುವಷ್ಟು ನೀರಿಲ್ಲ. ಒಂದು ಹಿಡಿ ರೂಪಾಯಿ ಬೇಕಾಗಿತ್ತು. ಅಷ್ಟು ಮಾಸ್ತರರಲ್ಲಿ ಪಗಾರದ ದಿನ ಮಾತ್ರ ಇರುತ್ತಿದ್ದವು. ಹುಡುಗರ ಕಣ್ಣು ಅವರ ಎದೆಯ ಕಡೆಗೆ ಹೋಯಿತು.

ಬೇಡ ಅನ್ನಬಹುದಾಗಿತ್ತು. ಆದರೆ ಗುರುಲಿಂಗಪ್ಪ ಮಾಸ್ತರರು ಬೇಡ ಅನ್ನುವ ಪೈಕಿಯವರಲ್ಲ. ಗೋಡೆಯ ಕಡೆ ತಿರುಗಿ ಲಿಂಗವನ್ನು ಶುಭ್ರ ವಸ್ತ್ರದಲ್ಲಿ ಕಟ್ಟಿ ಕೊರಳಿಗೆ ಹಾಕಿಕೊಂಡರು. ಬರಿದಾದ ಕರಡಿಗೆಯನ್ನು ಮೊದಲು ತೂಗಿದರು, ಹದಿನೇಳು ತೊಲ. “ನಮ್ಮಪ್ಪಂದು ಇದು, ಶುದ್ಧ ಬೆಳ್ಳಿ,” ಅಂದರು. “ಈಗ ನೋಡ್ರಿ, ಕಿತಾಬು ಖರೇ ಅದನೊ ಇಲ್ಲೊ.”

ನೀರಿಗೆ ಇಳಿಸಿ, ಚೆಲ್ಲಿದ್ದನ್ನು ತೂಗಿದಾಗ ನಾಲ್ಕೂಕಾಲು ತೊಲ. ಭಾಗಿಸಿದರೆ ಬರೀ ನಾಲ್ಕು. ಹುಡುಗರು ಹೋ ಎಂದರು. ಮಾಸ್ತರರೂ ನಕ್ಕರು. “ಮುಚ್ಚಳ ಹಾಕಿದ್ದೆವಲ್ಲೊ! ಒಳಗಿನ ಗಾಳಿನೂ ಜಾಗಾ ಹಿಡದದ. ಗಾಳಿನೂ ಬೆಳ್ಳಿ ಅಂತ ಲೆಕ್ಕಾ ಹಿಡದ್ರ ಹ್ಯಾಂಗ?” ಮುಚ್ಚಳ ತೆಗೆದು, ಅದನ್ನೂ ಅದೇ ದಾರಕ್ಕೆ ಕಟ್ಟಿ, ಓರೆ ಮಾಡಿ, ಗುಳ್ಳೆಗಳೆಲ್ಲ ಹೊರಗೆ ಹೋಗುವ ಹಾಗೆ ಮತ್ತೆ ಮುಳುಗಿಸಿದರು. ಈ ಸಲ ಚೆಲ್ಲಿದ ನೀರು ಎರಡು ತೊಲ.

ಮುಂದಿನ ಸಾಲಿನ ಪಾಂಡುರಂಗ ಲೆಕ್ಕದಲ್ಲಿ ಚುರುಕು. “ಹದಿನೇಳಕ್ಕ ಎರಡು... ಎಂಟೂವರಿ ರೀ ಮಾಸ್ತರ್,” ಎಂದು ಕೂಗಿ, ಹಲಗೆ ನೋಡಿ, ನಾಲಿಗೆ ಕಚ್ಚಿಕೊಂಡ.

ಹಿತ್ತಾಳೆಯ ಮುಂದೆ ಎಂಟೂವರೆ ಎಂದು ಹಲಗೆಯ ಮೇಲೆ ಬರೆದವರು ಮಾಸ್ತರರೇ. ಅವರು ಇನ್ನೊಮ್ಮೆ ಮುಳುಗಿಸಿದರು, ಪರಡಿ ಬದಲಿಸಿ ತೂಗಿದರು. ಮತ್ತೂ ಅಷ್ಟೇ. ಕಿತಾಬು ಸುಳ್ಳಾಗಬೇಕು, ಇಲ್ಲವೇ ಅಪ್ಪ ಸುಳ್ಳಾಗಬೇಕು. ನಡುವೆ ದಾರಿ ಇರಲಿಲ್ಲ. ತಕ್ಕಡಿ ಖಂಡಪ್ಪನದು, ಅದರ ಮೇಲೆ ತಪ್ಪು ಹೊರಿಸಿದ್ದರೆ ಹುಡುಗರು ನಂಬುತ್ತಿದ್ದರು. ಹಾಗೆ ಹೇಳಲು ಬಾಯಿಯನ್ನೂ ತೆರೆದರು. ಆದರೆ “ನಾಳಿಗಿ ಹೇಳ್ತೀನಿ,” ಎಂದು ಕರಡಿಗೆ ಒರೆಸಿಕೊಂಡು ಹೊರಗೆ ನಡೆದರು.

ದಾರಿಯುದ್ದಕ್ಕೂ ಅವರ ಸಿಟ್ಟೆಲ್ಲ ಅಪ್ಪನ ಮೇಲೆ. ಮುಖ ನೆನಪಿಲ್ಲದವನ ಮೇಲೆ ಸಿಟ್ಟಾಗುವುದು ಬಲು ಸುಲಭ. ಊರಿಗೆಲ್ಲ ಬೆಳ್ಳಿ ಅಂತ ತೋರಿಸಿ ಹಿತ್ತಾಳೆ ಕಟ್ಟಿಕೊಂಡು ತಿರುಗಿದ ಮನುಷ್ಯನೇ ನನ್ನಪ್ಪ? ಸೂಗಮ್ಮ ಪಡಸಾಲೆಯಲ್ಲಿ ತೊಗರಿ ಹಸನು ಮಾಡುತ್ತ ಕೂತಿದ್ದಳು. ಮಗ ಕರಡಿಗೆಯನ್ನು ಆಕೆಯ ಮೊರದೊಳಗೇ ಇಟ್ಟ.

“ಅವ್ವಾ, ಇದು ಬೆಳ್ಳಿ ಅಲ್ಲ. ಅಪ್ಪ ಮಂದಿಗಿ ಮೋಸಾ ಮಾಡ್ಯಾನ.”

ಸೂಗಮ್ಮ ತೊಗರಿ ಬಿಟ್ಟು ತಲೆ ಎತ್ತಿದಳು. “ನಿಮ್ಮಪ್ಪಗ ಏನರೆ ಅಂದಿ ಅಂದ್ರ ನೋಡು! ಅವರದು ಅಪ್ಪಟ ಬೆಳ್ಳಿ ಇತ್ತು.”

“ಮತ್ತ ಇದು?”

“ಇದು ನಾ ಮಾಡಿಸಿದ್ದು. ಸೇಡಂದ ಅಕ್ಕಸಾಲ್ಯಾನ ಕಡಿಂದ. ಹಿತ್ತಾಳಿಗಿ ಬೆಳ್ಳಿನೀರು ಕುಡಿಸಿ ಕೊಟ್ಟ.”

“ಆ ಬೆಳ್ಳಿ ಎಲ್ಲಿ ಹೋಯ್ತವ್ವ?”

ಮುದುಕಿ ಮಗನನ್ನು ಮೇಲಿನಿಂದ ಕೆಳಗಿನ ತನಕ ನೋಡಿದಳು. “ಎಲ್ಲಿ ಹೋಯ್ತು ಅಂತ ಕೇಳ್ತಾನ ನೋಡು. ಹೈದರಾಬಾದಿಗಿ ಹೋಯ್ತು. ನಿಮ್ಮ ಮಾವ ಏನು ಕೊಟ್ಟಾನು? ಎಂಜಲ ಕೈಲಿ ಕಾಗಿ ಹೊಡಿಯೋನಲ್ಲ ಅಂವ. ಗಂಡನ ಕರಡಿಗಿ ಮಾರೀನಿ ಅಂತ ನಿನಗ ಹ್ಯಾಂಗ ಹೇಳಲಿ? ನೀ ಹೋಗತಿದ್ದಿಲ್ಲ.” ಮೊರದಿಂದ ಕರಡಿಗೆ ಎತ್ತಿ ಸೆರಗಿನಿಂದ ಒರೆಸಿದಳು. “ಇಷ್ಟು ದಿನ ಯಾರಿಗೂ ಗೊತ್ತಾಗಿರಲಿಲ್ಲ. ನಿನಗ ಯಾರು ಹೇಳಿದ್ರು?”

ಯಾರು ಹೇಳಿದರು ಅಂತ ಮಾಸ್ತರರು ಹೇಗೆ ಹೇಳಿಯಾರು? ತೂಗಿ ನೋಡುವ ವಿದ್ಯೆ ಹೇಳಿಕೊಟ್ಟದ್ದೇ ಆ ಬೆಳ್ಳಿ. ಅವರಿಗೆ ಅಳು ಬಂತು. ಮಾಸ್ತರರಾದವರು ಅಳಬಾರದೆಂದು ಯಾವ ಕಿತಾಬಿನಲ್ಲಿಯೂ ಬರೆದಿಲ್ಲ. ತೊಗರಿಯ ಮುಂದೆ ಕೂತು ಅತ್ತರು.

ಮರುದಿನ ತರಗತಿ ಕಾದು ಕೂತಿತ್ತು. “ನನ್ನ ಕರಡಿಗಿ ಹಿತ್ತಾಳಿದು,” ಅಂದರು ಮಾಸ್ತರರು. “ಕಿತಾಬು ಖರೇ, ತಕ್ಕಡಿ ಖರೇ, ನಮ್ಮಪ್ಪನೂ ಖರೇ. ನಾ ಅಷ್ಟೇ ತಪ್ಪು ತಿಳಕೊಂಡಿದ್ದೆ.”

“ಹಂಗಾದ್ರ ಬೆಳ್ಳಿ ಎಲ್ಲದ ರೀ?” ಎಂದು ಕೇಳಿದ ಚಾಂದ್, ಸುಮ್ಮನಿರಲಾರದೆ.

“ಅದನ್ನ ನಾ ಓದಿ ಮುಗಿಸಿದ್ನೊ.”

ಹುಡುಗರಿಗೆ ತಿಳಿಯಲಿಲ್ಲ. ಮಾಸ್ತರರು ಗಿಂಡಿ ತುಂಬಿಸಿ ಪಾಠ ಮುಂದುವರಿಸಿದರು. ಆಮೇಲಿನ ಸೋಮವಾರಗಳಲ್ಲಿ ಕರಡಿಗೆ ರತ್ನಾಬಾಯಿಯ ಕೈಗೆ ಬಂತು. ಆಕೆ ಹುಣಸೆಹಣ್ಣು ಹಚ್ಚಿ ತಿಕ್ಕಿದ ತಿಕ್ಕಿಗೆ ದಸರೆಯ ಹೊತ್ತಿಗೆ ಬೆಳ್ಳಿನೀರು ಅಲ್ಲಲ್ಲಿ ಹೋಗಿ ಹಳದಿ ಕಾಣತೊಡಗಿತು. ಮಾಸ್ತರರು ಅದನ್ನು ಹಾಗೆಯೇ ಹಾಕಿಕೊಂಡು ತಿರುಗಿದರು.

ಆ ವರ್ಷದ ಬನ್ನಿಹಬ್ಬಕ್ಕೆ ಆಡಕಿಯ ಮಾವ ಮೀಸೆಗೆ ಎಣ್ಣೆ ಹಚ್ಚಿಕೊಂಡು ಕಾದಿರಬೇಕು. ಮಾಸ್ತರರು ಹೋಗಲಿಲ್ಲ. ಬನ್ನಿ ಮುಡಿದು ನೇರ ಮನೆಗೆ ಬಂದು, ತಾಯಿಯ ಅಂಗೈಯಲ್ಲಿ ನಾಲ್ಕು ಎಲೆ ಇಟ್ಟು ಕಾಲಿಗೆ ಬಿದ್ದರು. “ಬಂಗಾರ ತಗೋ ಅವ್ವಾ.”

ಸೂಗಮ್ಮ ಎಲೆಗಳನ್ನು ತಿರುವಿ ನೋಡಿದಳು. “ತೂಗಿ ನೋಡಿದಿ?”

“ಇಲ್ಲವ್ವ,” ಅಂದರು ಮಾಸ್ತರರು.