ಎಂಜಿನ್ನಿನ ಅಡಿಯ ಜಾಯಿಂಟ್

ನಮ್ಮ ಕೊಮಿಝಾ ಬಂದರಿನಲ್ಲಿ ಪೆರಿನಾ ಒಂದು ಕಡೆ ಕುಳಿತದ್ದನ್ನು ಕಂಡವರು ಕಡಿಮೆ. ಆಚೆ ದಡದ ಹಡಗು ಕಾರ್ಖಾನೆಯಲ್ಲಿ ನಲವತ್ತು ವರ್ಷ ವಯರಿಂಗ್ ಮಾಡಿ ನಿವೃತ್ತಳಾಗಿ ದ್ವೀಪಕ್ಕೆ ಮರಳಿದ್ದಳು. ಬಂದವಳ ಕೈ ಸುಮ್ಮನಿರಲಿಲ್ಲ. ಮನೆಯ ಸ್ವಿಚ್ಚುಗಳನ್ನೆಲ್ಲ ಎರಡೆರಡು ಸಲ ಬದಲಿಸಿದಳು. ಕಾಫಿಯನ್ನೂ ನಿಂತೇ ಕುಡಿಯುತ್ತಿದ್ದಳು.

ದೋಣಿಯ ಬ್ಯಾಟರಿ ಬೆಳಗಾಗುವುದರೊಳಗೆ ಖಾಲಿಯಾಗುತ್ತಿದೆ, ಸ್ವಲ್ಪ ನೋಡು ಎಂದು ತಮ್ಮ ಯೆರ್ಕೊ ಕೇಳಿದ್ದೇ ತಡ, ಚೀಲ ಎತ್ತಿಕೊಂಡು ಅವನಿಗಿಂತ ಮೊದಲೇ ದೋಣಿ ನಿಲ್ಲುವ ಕಟ್ಟೆ ತಲುಪಿದಳು. ಅದು ಸೋಮವಾರ. ಗುರುವಾರದಿಂದ ಅಮಾವಾಸ್ಯೆಯ ಕತ್ತಲು. ದೀಪ ಉರಿಸಿ ಬೂತಾಯಿ ಮೀನು ಹಿಡಿಯುವ ದಿನಗಳು. ಊಟದ ಹೊತ್ತಿಗೆ ಮುಗಿಸುತ್ತೇನೆ ಎಂದಿದ್ದಳು. ಸಂಜೆ ನೋಡಿದರೆ ದೋಣಿಯ ಮುಕ್ಕಾಲು ತಂತಿ ಕಟ್ಟೆಯ ಮೇಲೆ ಬಿದ್ದಿತ್ತು.

"ಬ್ಯಾಟರಿ ನೋಡು ಅಂದ್ರೆ ದೋಣಿನೇ ಬಿಚ್ಚಿ ಹಾಕಿದೀಯಲ್ಲ ಅಕ್ಕಾ," ಎಂದ ಯೆರ್ಕೊ.

"ನೀನು ಸುತ್ತಿರೋ ಟೇಪ್ ನೋಡಿದ್ರೆ ಇದು ಇನ್ನೂ ತೇಲ್ತಿರೋದೇ ಹೆಚ್ಚು ಕಣೋ."

ಬಲೆ ಸರಿಪಡಿಸುತ್ತಿದ್ದವರು ನಕ್ಕರು. "ಒಂದ್ಸಲ ಮುಳುಗಿಸಿದೋನೇ ಅಲ್ವಾ," ಎಂದು ಒಬ್ಬ ಸೇರಿಸಿದ. ಯೆರ್ಕೊ ಮನೆಗೆ ಹೋದ.

ಅದು ಹಳೆಯ ಕಥೆ. ಯೆರ್ಕೊಗೆ ಹದಿನೇಳು ತುಂಬಿದ ಚಳಿಗಾಲದಲ್ಲಿ ಇದೇ ದೋಣಿ, ಆಗ ಅಪ್ಪನದು, ಹಗ್ಗ ಕಟ್ಟಿ ನಿಲ್ಲಿಸಿದ ಜಾಗದಲ್ಲೇ ಮುಳುಗಿತ್ತು. ತಳದಲ್ಲಿ ಸೇರುವ ನೀರನ್ನು ಹೊರಚೆಲ್ಲುವ ಪಂಪು ಓಡಿರಲಿಲ್ಲ. ನೀನೇ ಸ್ವಿಚ್ ಹಾಕಲು ಮರೆತೆ ಎಂದು ಅಪ್ಪ ಅವನನ್ನು ಎಲ್ಲರೆದುರು ಹೊಡೆದರು. ಹಾಕಿದ್ದೆ ಎಂದು ಅವನು ಅತ್ತರೂ ನಂಬಲಿಲ್ಲ, ಸಾಯುವವರೆಗೂ ನಂಬಲಿಲ್ಲ. ದೋಣಿಯನ್ನು ಮೇಲೆತ್ತಿ ಒಣಗಿಸಿ, ಪಂಪಿಗೆ ಬೇರೆ ತಂತಿ ಎಳೆದು ಕೈತೊಳೆದುಕೊಂಡರು. ಪೆರಿನಾ ಆಗಷ್ಟೇ ಕಾರ್ಖಾನೆ ಸೇರಿದ್ದಳು. ಸುದ್ದಿ ಅವಳಿಗೆ ಕಾಗದದಲ್ಲಿ ತಲುಪಿತ್ತು.

ಬುಧವಾರ ಅವಳು ಎಂಜಿನ್ನಿನ ಅಡಿಯ ಹಲಗೆ ಎತ್ತಿದಳು. ಅಲ್ಲಿ ಪಂಪಿನ ಹಳೆಯ ತಂತಿ ಒದ್ದೆಯಲ್ಲಿ ಬಿದ್ದಿತ್ತು. ಯಾರೂ ಅದನ್ನು ಕಳಚಿರಲಿಲ್ಲ. ಮೇಲಿನ ರಬ್ಬರು ಈಚೆಗೆ ಸವೆದು, ಬ್ಯಾಟರಿಯನ್ನು ಹೀರುತ್ತಿದ್ದದ್ದು ಅದೇ. ನಡುವೆ ಒಂದು ಜಾಯಿಂಟ್, ಬೆಸುಗೆಯಿಲ್ಲದೆ ಬರೀ ತಿರುಚಿ ಕೂಡಿಸಿದ್ದು; ತಾಮ್ರ ಕಪ್ಪಾಗಿ ಪುಡಿಯಾಗಿತ್ತು. ಟೇಪಿನ ಮೇಲೆ ಬಲೆಯ ದಾರ ಬಿಗಿಯಾಗಿ ಸುತ್ತಲಾಗಿತ್ತು, ಎಡಗೈಯವರು ಸುತ್ತುವ ದಿಕ್ಕಿನಲ್ಲಿ. ಆ ಮನೆಯಲ್ಲಿ ಎಡಗೈಯವಳು ಪೆರಿನಾ ಒಬ್ಬಳೇ. ಕಾರ್ಖಾನೆಗೆ ಹೊರಡುವ ವಾರ ತಾನೇ ಅದನ್ನು ಹಾಕಿ, ಇನ್ನು ನೂರು ವರ್ಷ ಚಿಂತೆಯಿಲ್ಲ ಎಂದು ಅಪ್ಪನಿಗೆ ಹೇಳಿದ್ದು ನೆನಪಾಯಿತು.

ಅದನ್ನು ಕತ್ತರಿಸಿ ಜೇಬಿಗೆ ಹಾಕಿಕೊಂಡಳು. ಆ ಮಧ್ಯಾಹ್ನ ಕಟ್ಟೆಯ ತುದಿಯವರೆಗೆ ಎಷ್ಟು ಸಲ ಹೋಗಿ ಬಂದಳೋ ಲೆಕ್ಕವಿಲ್ಲ. ನೀರಿಗೆ ಎಸೆದರೆ ಕೇಳುವವರಿರಲಿಲ್ಲ. ಎರಡು ಸಲ ಜೇಬಿನಿಂದ ತೆಗೆದದ್ದನ್ನು ಬಲೆ ಸರಿಪಡಿಸುತ್ತಿದ್ದ ನಾನೇ ಕಂಡೆ. ಯೆರ್ಕೊ ಬಂದಾಗ ಅವನನ್ನು ಬಲೆಯವರ ನಡುವೆಯೇ ನಿಲ್ಲಿಸಿದಳು.

"ಅವತ್ತು ನೀನು ಸ್ವಿಚ್ ಹಾಕಿದ್ದೆ ಕಣೋ. ಪಂಪಿಗೆ ಕರೆಂಟೇ ಹೋಗಿಲ್ಲ. ಈ ಜಾಯಿಂಟ್ ನಂದು."

ಯೆರ್ಕೊ ಅದನ್ನು ಅಂಗೈಯಲ್ಲಿ ಹೊರಳಿಸಿ ನೋಡಿದ. ನಾವೆಲ್ಲ ಬೈಗುಳಕ್ಕೆ ಕಾದೆವು.

"ಹಾಕಿದ್ನಾ ಇಲ್ವಾ ಅಂತ ನಂಗೇ ಮರೆತುಹೋಗಿತ್ತು ಅಕ್ಕಾ," ಎಂದ ಕೊನೆಗೆ. "ಎಲ್ರೂ ಮರೆತೆ ಅಂದ್ರು. ನಾನೂ ಹೌದು ಅಂದ್ಕೊಂಡೆ." ಹಾಗೆಂದು ಮನೆಗೆ ಹೋಗಿ ಬಾಗಿಲು ಹಾಕಿಕೊಂಡ.

ಗುರುವಾರ ಉಳಿದ ದೋಣಿಗಳೆಲ್ಲ ಹೊರಟವು. ಯೆರ್ಕೊ ಬೆಳಗ್ಗೆಯೇ ಬಂದು ಅಕ್ಕನ ಪಕ್ಕ ಮಂಡಿಯೂರಿ ಹೊಸ ತಂತಿ ಹಿಡಿದ. ತವರ ಲೇಪಿಸಿದ ತಾಮ್ರ, ಪ್ರತಿ ದೀಪಕ್ಕೂ ಬೇರೆ ಫ್ಯೂಸ್. ಮೂರು ದಿನ ಅವರು ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲ. ಬೇಗ ಮುಗಿಸು ಎಂದು ಅವನು ಒಮ್ಮೆಯೂ ಹೇಳಲಿಲ್ಲ. ಮುಳುಗಿಸಿದವನೆಂಬ ಮಾತು ಅಂದಿನಿಂದ ಕಟ್ಟೆಯ ಮೇಲೆ ಯಾರ ಬಾಯಲ್ಲೂ ಬರಲಿಲ್ಲ.

ಶನಿವಾರ ಮಧ್ಯಾಹ್ನ ಬಿಸಿಲಿನಲ್ಲೇ ದೀಪ ಹಾಕಿ ನೋಡಿದರು, ಪಂಪು ಓಡಿಸಿದರು. ಎಲ್ಲವೂ ಸರಿಯಿತ್ತು. ಯೆರ್ಕೊ ಎಂಜಿನ್ ಶುರುಮಾಡಿ ಹಗ್ಗ ಬಿಚ್ಚಲು ಬಾಗಿದ. ಪೆರಿನಾ ಕರೆಂಟ್ ಅಳೆಯುವ ಮೀಟರ್ ಹಿಡಿದು ಮತ್ತೆ ದೋಣಿಗಿಳಿದಳು.

"ಮೂರು ಸಲ ನೋಡಿ ಆಯ್ತಲ್ಲ ಅಕ್ಕಾ."

"ಇನ್ನೊಂದೇ ಒಂದ್ಸಲ."

ಅವನು ಎಂಜಿನ್ ಆರಿಸಿ, ಅವಳಿಗಾಗಿ ಹಲಗೆ ಎತ್ತಿ ಹಿಡಿದ.